ಬೆನ್ನಿಗೆ ಸೂಜಿ, ನಾಲಿಗೆಗೆ ಜೋಮು

ನಮ್ಮ ತಂದೆಯವರ ಬೆನ್ನಿನ ಮೇಲೆ ನಿಂಬೆಹಣ್ಣಿನ ಗಾತ್ರದ ಕೊಬ್ಬಿನ ಗಂಟೊಂದು ಬಹುಕಾಲದಿಂದ ಇದ್ದಿತು. ನೋವಿಲ್ಲದ ಗಂಟು, ಆದರೆ ಹೊಲದಲ್ಲಿ ಚೀಲ ಹೊರುವಾಗ ಅದು ತೊಡಕಾಗುತ್ತಿತ್ತು. ಅದನ್ನು ತೆಗೆಯಿಸಿಬಿಡೋಣವೆಂದು ನಮ್ಮ ಸೀಮೆಯ ಒಂದು ಊರಿನ ಚಿಕ್ಕ ಚಿಕಿತ್ಸಾಲಯಕ್ಕೆ ಅವರನ್ನು ಕರೆದುಕೊಂಡು ಹೋದೆನು. ವೈದ್ಯರು ಗಂಟಿನ ಸುತ್ತ ಮರಗಟ್ಟಿಸುವ ಮದ್ದನ್ನು ಸೂಜಿಯಿಂದ ಹಾಕಿದರು. ಒಂದು ಸಲಕ್ಕೆ ಜೋಮು ಸಾಲದೆ ಬರಲು ಇನ್ನಷ್ಟು ಹಾಕಿದರು. ಕಾಲು ಗಂಟೆ ಕಳೆದಿರಬಹುದು, ಬೋರಲು ಮಲಗಿದ್ದ ತಂದೆಯವರು ತಲೆಯೆತ್ತಿ, "ಯಾಕೋ ಡಾಕ್ಟರ್ ಸಾಹೇಬರ, ನಾಲಿಗಿ ಮರಗಟ್ಟೇತಿ ನೋಡ್ರಿ. ಕಿವ್ಯಾಗ ಗುಂಯ್ ಅಂತೈತಿ" ಎಂದರು.

ವೈದ್ಯರು ಕೈಯಲ್ಲಿದ್ದ ಉಪಕರಣವನ್ನು ಕೂಡಲೆ ಕೆಳಗಿಟ್ಟರು. ತಂದೆಯವರನ್ನು ಅಂಗಾತ ಮಲಗಿಸಿ, ಮುಖಕ್ಕೆ ಆಮ್ಲಜನಕದ ಮುಖವಾಡವನ್ನು ಹಾಕಿಸಿ, ನಾಡಿ ಹಿಡಿದು ಕುಳಿತರು. ಅಷ್ಟರಲ್ಲಿ ತಂದೆಯವರ ಮಾತು ತೊದಲತೊಡಗಿತ್ತು. ತುಟಿಯೂ ಎಡಗೈಯ ಬೆರಳುಗಳೂ ಅದುರಿದುವು. ಅದೃಷ್ಟವಶಾತ್ ಅದು ಅಲ್ಲಿಗೇ ನಿಂತಿತು. ಅರ್ಧ ಗಂಟೆಯಲ್ಲಿ ಅವರು ಮೊದಲಿನಂತಾದರು. ಆ ರಾತ್ರಿ ದೊಡ್ಡ ಆಸ್ಪತ್ರೆಯಲ್ಲಿ ಅವರನ್ನು ನಿಗಾದಲ್ಲಿಟ್ಟು ಮರುದಿನ ಮನೆಗೆ ಕಳುಹಿಸಿದರು.

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಪಾಠ ಹೇಳುವವನು. ಸೂಜಿ ಚುಚ್ಚಿದ್ದು ಬೆನ್ನಿಗೆ, ಜೋಮು ಹಿಡಿದದ್ದು ನಾಲಿಗೆಗೆ. ಈ ಒಗಟು ನನ್ನನ್ನು ಬಹುದಿನ ಕಾಡಿತು. ಇದನ್ನು ಬಿಡಿಸಲು ಹೊರಟಾಗ ನಾನು ದಿನವೂ ತರಗತಿಯಲ್ಲಿ ಹೇಳುವ ವಿಭವಾಂತರ, ಸಾಂದ್ರತೆ, ಒಳಹರಿವು, ಹೊರಹರಿವುಗಳೇ ಎದುರಾದುವು. ಅದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನರತಂತುವಿನ ಬಾಗಿಲು

ಕಾಲಿಗೆ ಮುಳ್ಳು ಚುಚ್ಚಿದರೆ ಆ ಸುದ್ದಿಯನ್ನು ಮೆದುಳಿಗೆ ಒಯ್ಯುವುದು ನರತಂತು. ಅದು ಒಯ್ಯುವುದು ವಿದ್ಯುತ್ತಿನ ರೂಪದಲ್ಲಿ. ತಂತುವಿನ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟುಗಳಷ್ಟು ಋಣವಾಗಿರುತ್ತದೆ. ಇದೇನು ಮಹಾ ವಿಭವಾಂತರವೆಂದು ತೋರಬಹುದು. ಆದರೆ ಇವೆರಡನ್ನು ಬೇರ್ಪಡಿಸುವ ಪೊರೆಯ ದಪ್ಪ ಒಂದು ಮೀಟರಿನ ನೂರು ಕೋಟಿಯ ಭಾಗಗಳಲ್ಲಿ ಸುಮಾರು ಐದು ಮಾತ್ರ. ಭಾಗಿಸಿ ನೋಡಿದರೆ ಆ ಪೊರೆಯ ಮೇಲಿನ ವಿದ್ಯುತ್ ಕ್ಷೇತ್ರವು ಮೀಟರಿಗೆ ಸುಮಾರು 1 ಕೋಟಿ 40 ಲಕ್ಷ ವೋಲ್ಟುಗಳಾಗುತ್ತದೆ. ಒಣ ಗಾಳಿಯಲ್ಲಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟುಗಳಾದರೆ ಕಿಡಿ ಹಾರುತ್ತದೆ. ಅದರ ನಾಲ್ಕು ಪಟ್ಟಿಗೂ ಮಿಗಿಲಾದ ಕ್ಷೇತ್ರವನ್ನು ನಮ್ಮ ನರಗಳು ಸದ್ದಿಲ್ಲದೆ ಹೊತ್ತುಕೊಂಡಿವೆ.

ಈ ಪೊರೆಯಲ್ಲಿ ಸೋಡಿಯಂ ಅಯಾನುಗಳಿಗಾಗಿಯೇ ಇರುವ ಬಾಗಿಲುಗಳುಂಟು. ಪ್ರಚೋದನೆಯಾದಾಗ ಅವು ತೆರೆಯುತ್ತವೆ. ಧನ ವಿದ್ಯುದಾವೇಶವುಳ್ಳ ಸೋಡಿಯಂ ಒಳನುಗ್ಗುತ್ತದೆ. ಆ ಸ್ಥಳದ ವಿಭವವು ತಿರುಗುಮುರುಗಾಗುತ್ತದೆ. ಅದರಿಂದ ಪಕ್ಕದ ಬಾಗಿಲು ತೆರೆಯುತ್ತದೆ. ಹೀಗೆ ಒಂದರಿಂದೊಂದಕ್ಕೆ ಸುದ್ದಿ ಸಾಗುತ್ತದೆ. ಲಿಗ್ನೊಕೇನ್, ಬುಪಿವಕೇನ್ ಮೊದಲಾದ ಮರಗಟ್ಟಿಸುವ ಮದ್ದುಗಳು ಈ ಬಾಗಿಲಿಗೆ ಒಳಗಡೆಯಿಂದ ಅಗುಳಿ ಹಾಕುತ್ತವೆ. ಬಾಗಿಲು ತೆರೆಯದಿದ್ದರೆ ಸುದ್ದಿಯಿಲ್ಲ, ಸುದ್ದಿಯಿಲ್ಲದಿದ್ದರೆ ನೋವಿಲ್ಲ.

ನಮ್ಮ ಕಲ್ಲುಗುಡ್ಡದ ಸೀಮೆಯವರಿಗೆ ಇದಕ್ಕೆ ಒಂದು ವಿಲೋಮ ಉದಾಹರಣೆ ಗೊತ್ತಿದ್ದೇ ಇದೆ. ಅದು ಕೆಂಪು ಚೇಳಿನ ವಿಷ. ಆ ವಿಷದಲ್ಲಿರುವ ಕೆಲವು ಅಂಶಗಳು ಇದೇ ಸೋಡಿಯಂ ಬಾಗಿಲುಗಳನ್ನು ಸಕಾಲದಲ್ಲಿ ಮುಚ್ಚಿಕೊಳ್ಳಲು ಬಿಡುವುದಿಲ್ಲ. ಆದುದರಿಂದಲೇ ಆ ಸಹಿಸಲಾರದ ಉರಿ. ಚೇಳು ಕುಟುಕಿದ ಜಾಗಕ್ಕೆ ವೈದ್ಯರು ಲಿಗ್ನೊಕೇನ್ ಹಾಕಿದಾಗ ನೋವು ಇಳಿಯುವುದೂ ಆದುದರಿಂದಲೇ. ಒಂದು ಬಾಗಿಲನ್ನು ತೆರೆದು ಹಿಡಿಯುವ ವಿಷ, ಅದೇ ಬಾಗಿಲನ್ನು ಮುಚ್ಚಿ ಹಿಡಿಯುವ ಮದ್ದು. ಆದರೆ ಮುಚ್ಚುವ ಗುಣವೂ ಮಿತಿಮೀರಿದರೆ ವಿಷವೇ ಸರಿ.

ಸೂಜಿಯಿಂದ ರಕ್ತಕ್ಕೆ

ಮದ್ದನ್ನು ಬೆನ್ನಿಗೆ ಹಾಕಿದರೂ ಅದು ಬೆನ್ನಿನಲ್ಲಿಯೇ ಉಳಿಯುವುದಿಲ್ಲ. ಅಲ್ಲಿನ ಸಣ್ಣ ರಕ್ತನಾಳಗಳು ಅದನ್ನು ಹೀರಿಕೊಂಡು ದೇಹವೆಲ್ಲಕ್ಕೂ ಹಂಚುತ್ತವೆ. ಮೆದುಳಿನಲ್ಲಿಯೂ ಹೃದಯದಲ್ಲಿಯೂ ಇರುವುದು ಇದೇ ಜಾತಿಯ ಬಾಗಿಲುಗಳೇ. ರಕ್ತದಲ್ಲಿ ಮದ್ದಿನ ಪ್ರಮಾಣ ಸಣ್ಣದಾಗಿರುವವರೆಗೆ ಯಾವ ಕೇಡೂ ಇಲ್ಲ, ಏರಿದಾಗ ಕೇಡು. ನಾಲಿಗೆಯ ಜೋಮು ಬೆನ್ನಿನಿಂದ ನೇರವಾಗಿ ಬಂದುದಲ್ಲ. ರಕ್ತದ ಮೂಲಕ ಬಂದುದು. ಒಗಟಿನ ಉತ್ತರ ಇಷ್ಟೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಮಾಲವಿ ಜಲಾಶಯವನ್ನು ನೆನೆಯಿರಿ. ಅದರ ನೀರಿನ ಮಟ್ಟವನ್ನು ನಿರ್ಧರಿಸುವುದು ಬಂದ ನೀರಿನ ಮೊತ್ತವೊಂದೇ ಅಲ್ಲ; ಎಷ್ಟು ಬೇಗ ಬಂದಿತು, ಎಷ್ಟು ಬೇಗ ಹೊರಹೋಯಿತು ಎಂಬುದೂ ಮುಖ್ಯ. ರಕ್ತದ ಮಾತೂ ಹಾಗೆಯೇ. ಸೂಜಿಯ ತುದಿ ತಿಳಿಯದೆ ರಕ್ತನಾಳದೊಳಕ್ಕೆ ಹೊಕ್ಕಿದ್ದರೆ ಮದ್ದು ಪ್ರವಾಹದಂತೆ ನುಗ್ಗಿ ಒಂದೆರಡು ನಿಮಿಷಗಳಲ್ಲಿಯೇ, ಕೆಲವೊಮ್ಮೆ ಕ್ಷಣಗಳಲ್ಲಿಯೇ, ಲಕ್ಷಣಗಳು ತೋರುತ್ತವೆ. ಆದ್ದರಿಂದಲೇ ವೈದ್ಯರು ಮದ್ದು ಹಾಕುವ ಮೊದಲು ಪಿಚಕಾರಿಯ ದಂಡವನ್ನು ಹಿಂದಕ್ಕೆಳೆದು ರಕ್ತ ಬರುವುದೋ ಎಂದು ನೋಡುತ್ತಾರೆ. ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ತಡೆದು ಹಾಕುತ್ತಾರೆ. ಸೂಜಿ ಮಾಂಸಖಂಡದ ನಡುವೆಯೇ ಇದ್ದು, ಪ್ರಮಾಣ ಮಾತ್ರ ಹೆಚ್ಚಾಗಿದ್ದರೆ ಮಟ್ಟವು ನಿಧಾನವಾಗಿ ಏರಿ ಹತ್ತು, ಇಪ್ಪತ್ತು, ಮೂವತ್ತು ನಿಮಿಷಗಳ ಮೇಲೆ ಅಪಾಯ ತೋರಬಹುದು. ಪಕ್ಕೆಲುಬುಗಳ ನಡುವಿನಂತೆ ರಕ್ತಸಂಚಾರ ಹೆಚ್ಚಾಗಿರುವ ಕಡೆ ಹೀರಿಕೆ ಶೀಘ್ರ. ಮದ್ದಿಗೆ ಅಡ್ರಿನಲಿನ್ ಬೆರೆಸಿದರೆ ಅಲ್ಲಿನ ನಾಳಗಳು ಸಂಕುಚಿಸಿ ಒಳಹರಿವು ನಿಧಾನವಾಗುತ್ತದೆ. ಇನ್ನು ಹೊರಹರಿವಿನ ತೂಬು ಯಾವುದೆಂದರೆ ಯಕೃತ್ತು. ಯಕೃತ್ತು ಕೆಟ್ಟವರಲ್ಲಿ, ಹೃದಯ ದುರ್ಬಲವಾದವರಲ್ಲಿ, ವೃದ್ಧರಲ್ಲಿ ಈ ತೂಬು ಕಿರಿದು. ಚೇಳಿನ ನೋವು ಮರುಕಳಿಸಿತೆಂದು ಒಂದರ ಮೇಲೊಂದು ಸೂಜಿ ಹಾಕಿಸಿಕೊಂಡರೆ ಹಿಂದಿನದು ಕರಗುವ ಮುನ್ನವೇ ಮುಂದಿನದು ಸೇರುತ್ತದೆಂಬುದನ್ನೂ ನೆನಪಿನಲ್ಲಿಡಬೇಕು.

ಶೇಕಡಾ ಲೆಕ್ಕ

ಸೀಸೆಯ ಮೇಲೆ "ಶೇಕಡಾ 2" ಎಂದು ಬರೆದಿರುತ್ತದೆ. ಹಾಗೆಂದರೆ 100 ಮಿಲಿಲೀಟರಿನಲ್ಲಿ 2 ಗ್ರಾಂ. ಅರ್ಥಾತ್ 1 ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ. 30 ಮಿಲಿಲೀಟರಿನ ಒಂದು ಸೀಸೆಯಲ್ಲಿ 600 ಮಿಲಿಗ್ರಾಂ ಲಿಗ್ನೊಕೇನ್ ಇರುತ್ತದೆ. ವೈದ್ಯಗ್ರಂಥಗಳು ಹಾಕಿರುವ ಮಿತಿಯಾದರೋ, ಅಡ್ರಿನಲಿನ್ ಇಲ್ಲದ ಲಿಗ್ನೊಕೇನಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 3ರಿಂದ 4.5 ಮಿಲಿಗ್ರಾಂ; ಅಡ್ರಿನಲಿನ್ ಬೆರೆತಿದ್ದರೆ ಸುಮಾರು 7. ಬುಪಿವಕೇನಿಗೆ ಸುಮಾರು 2 ಮಾತ್ರ.

ನಮ್ಮ ತಂದೆಯವರ ತೂಕ 48 ಕಿಲೋಗ್ರಾಂ. 4.5ರ ಮಿತಿಯನ್ನೇ ಹಿಡಿದರೂ 216 ಮಿಲಿಗ್ರಾಂ. ಅಂದರೆ ಶೇಕಡಾ 2ರ ಮದ್ದಿನಲ್ಲಿ ಹನ್ನೊಂದು ಮಿಲಿಲೀಟರಿಗೂ ಕೊಂಚ ಕಡಿಮೆ. ಅವರಿಗೆ ಎರಡು ಸಲ ಸೇರಿ ಹಾಕಿದ್ದು 16 ಮಿಲಿಲೀಟರು. ಅರ್ಥಾತ್ 320 ಮಿಲಿಗ್ರಾಂ. ಅರ್ಧ ಸೀಸೆಗಿಂತ ಸ್ವಲ್ಪ ಹೆಚ್ಚು. ನೋಡುವವರ ಕಣ್ಣಿಗೆ ಏನೂ ಅಲ್ಲ. 12 ಕಿಲೋಗ್ರಾಂ ತೂಗುವ ಮಗುವಿಗೆ ಇದೇ ಲೆಕ್ಕ ಮಾಡಿದರೆ ಎರಡೂ ಮುಕ್ಕಾಲು ಮಿಲಿಲೀಟರನ್ನೂ ಮುಟ್ಟುವುದಿಲ್ಲ. ಕಣ್ಣಳತೆ ಮೋಸ ಮಾಡುವುದು ಇಲ್ಲಿಯೇ. ಶೇಕಡಾ 1ರ ದ್ರಾವಣವನ್ನು ಬಳಸಿದರೆ ಅದೇ ಮಿತಿಯೊಳಗೆ ಎರಡರಷ್ಟು ಜಾಗವನ್ನು ಮರಗಟ್ಟಿಸಬಹುದೆಂಬುದು ಈ ಲೆಕ್ಕದಿಂದ ದೊರೆಯುವ ಉಪಯುಕ್ತ ಪಾಠ.

ಕೀವು ತುಂಬಿದ ಹುಣ್ಣಿನಲ್ಲಿ ಮತ್ತೊಂದು ತೊಡಕು. ಪೊರೆಯನ್ನು ದಾಟಬೇಕಾದರೆ ಮದ್ದಿನ ಅಣು ತನ್ನ ವಿದ್ಯುದಾವೇಶವನ್ನು ಕಳಚಿಡಬೇಕು. ರಕ್ತದ ಸಹಜ ಪಿಎಚ್ 7.4ರಲ್ಲಿ ಲಿಗ್ನೊಕೇನಿನ ಅಣುಗಳಲ್ಲಿ ಶೇಕಡಾ 24ರಷ್ಟು ಆವೇಶರಹಿತವಾಗಿರುತ್ತವೆ. ಕೀವಿನಿಂದ ಆಮ್ಲೀಯವಾದ ಜಾಗದಲ್ಲಿ ಪಿಎಚ್ 6.4ಕ್ಕೆ ಇಳಿದಿದ್ದರೆ ಅದು ಶೇಕಡಾ 3ಕ್ಕೆ ಕುಗ್ಗುತ್ತದೆ. ಮದ್ದು ಹಿಡಿಯುವುದಿಲ್ಲ. ಹಿಡಿಯಲಿಲ್ಲವೆಂದು ಮತ್ತೆ ಮತ್ತೆ ಹಾಕುವುದು ಅಪಾಯದ ಕಡೆಗಿನ ನಡೆ.

ಗುರುತಿಸುವುದು ಹೇಗೆ?

ಲಿಗ್ನೊಕೇನಿನ ವಿಷಲಕ್ಷಣಗಳು ಸಾಮಾನ್ಯವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ರಕ್ತದ ದ್ರವಭಾಗದ ಒಂದು ಮಿಲಿಲೀಟರಿನಲ್ಲಿ ಸುಮಾರು 5 ಮೈಕ್ರೊಗ್ರಾಂ ಆದಾಗ ನಾಲಿಗೆ ಮತ್ತು ಬಾಯಿಯ ಸುತ್ತ ಜೋಮು, ಬಾಯಲ್ಲಿ ತಾಮ್ರದ ಬಿಲ್ಲೆ ಚೀಪಿದಂಥ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ, ತಲೆ ಹಗುರವಾದಂತೆ ಭಾಸ. ಅನಂತರ ಕಣ್ಣು ಮಂಜಾಗುವುದು, ಮಾತು ತೊದಲುವುದು, ಕಾರಣವಿಲ್ಲದ ಕಳವಳ, ಸ್ನಾಯುಗಳ ಅದಿರಾಟ. 10 ಮೈಕ್ರೊಗ್ರಾಂ ಮೀರಿದರೆ ಸೆಳೆತ, ಎಂದರೆ ಜನರು ಫಿಟ್ಸ್ ಎನ್ನುವುದು. ಅದಕ್ಕೂ ಮೇಲೆ ಪ್ರಜ್ಞೆ ತಪ್ಪುವುದು, ಉಸಿರು ನಿಲ್ಲುವುದು, ಕಡೆಗೆ ಹೃದಯವು ಸೋಲುವುದು. ಈ ಅಂಕಿಗಳು ಸ್ಥೂಲವಾದವು; ಎಲ್ಲ ರೋಗಿಗಳಲ್ಲಿಯೂ ಎಲ್ಲ ಮೆಟ್ಟಿಲುಗಳೂ ಕಾಣಬೇಕೆಂದಿಲ್ಲ.

ನರಗಳನ್ನು ತಣ್ಣಗಾಗಿಸುವ ಮದ್ದು ಸೆಳೆತವನ್ನೇಕೆ ತರುತ್ತದೆ? ಮೆದುಳಿನಲ್ಲಿ ಓಡಿಸುವ ಕೋಶಗಳಿರುವಂತೆ ಅಂಕೆಯಲ್ಲಿಡುವ ಕೋಶಗಳೂ ಇವೆ. ಮದ್ದು ಮೊದಲು ತಟ್ಟುವುದು ಅಂಕೆಯಲ್ಲಿಡುವವನ್ನು. ಕಡಿವಾಣ ತುಂಡಾದ ಕುದುರೆ ಹುಚ್ಚೆದ್ದು ಓಡಿ, ಆಮೇಲೆ ಕುಸಿಯುತ್ತದೆ.

ಇದನ್ನು ಬೇರೆ ಮೂರು ಸ್ಥಿತಿಗಳಿಂದ ಬೇರ್ಪಡಿಸಿ ತಿಳಿಯಬೇಕು. ಸೂಜಿ ಕಂಡ ಭಯದಿಂದ ಮೂರ್ಛೆ ಹೋಗುವವರ ಮುಖ ಬಿಳಿಚಿಕೊಂಡು, ಬೆವರಿ, ನಾಡಿ ಮಂದವಾಗುತ್ತದೆ. ಮಲಗಿಸಿ ಕಾಲನ್ನೆತ್ತಿದರೆ ಚೇತರಿಸಿಕೊಳ್ಳುತ್ತಾರೆ. ಅಡ್ರಿನಲಿನ್ ರಕ್ತಕ್ಕೆ ಸೇರಿದರೆ ಎದೆ ಡವಡವಿಸುತ್ತದೆ, ಕೈ ನಡುಗುತ್ತದೆ. ಕೆಲವು ನಿಮಿಷಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಮೂರನೆಯದು ಅಲರ್ಜಿ: ಮೈಯೆಲ್ಲ ದದ್ದು, ತುರಿಕೆ, ಉಬ್ಬಸ, ರಕ್ತದೊತ್ತಡದ ಕುಸಿತ. ಲಿಗ್ನೊಕೇನ್ ಜಾತಿಯ ಮದ್ದುಗಳಿಗೆ ನಿಜವಾದ ಅಲರ್ಜಿ ಬಹಳ ಅಪೂರ್ವ. ನಾಲಿಗೆಯ ಜೋಮು, ಲೋಹದ ರುಚಿ, ಕಿವಿಯ ಸದ್ದು ಇವು ಕೂಡಿ ಬಂದರೆ ಅದು ವಿಷಲಕ್ಷಣವೆಂದೇ ಮೊದಲು ಶಂಕಿಸಬೇಕು. ಹಲ್ಲಿನ ಚಿಕಿತ್ಸೆಯಲ್ಲಿ ಮಾತ್ರ ಸೂಜಿ ಹಾಕಿದ ಪಕ್ಕದ ನಾಲಿಗೆ ಮರಗಟ್ಟುವುದು ಸಹಜ. ಅಲ್ಲಿ ಉಳಿದ ಲಕ್ಷಣಗಳನ್ನು ನೋಡಬೇಕು.

ಬುಪಿವಕೇನ್ ಇನ್ನೂ ಕಪಟಿ. ಅದು ಹೃದಯದ ಸೋಡಿಯಂ ಬಾಗಿಲುಗಳಿಗೆ ಅಂಟಿಕೊಂಡರೆ ಬೇಗ ಬಿಡುವುದಿಲ್ಲ. ಸೆಳೆತ ತರುವ ಪ್ರಮಾಣಕ್ಕೂ ಹೃದಯವನ್ನು ಕೆಡಿಸುವ ಪ್ರಮಾಣಕ್ಕೂ ಅದರಲ್ಲಿ ಅಂತರ ಕಡಿಮೆ. 1979ರಲ್ಲಿ ಅಮೆರಿಕದ ಆಲ್ಬ್ರೈಟ್ ಎಂಬ ವೈದ್ಯನು ಇಂತಹ ಹೃದಯಸ್ತಂಭನಗಳ ಕಡೆಗೆ ಲೋಕದ ಗಮನವನ್ನು ಸೆಳೆದನು.

ಉಸಿರನ್ನು ನೋಡಬೇಕೋ ಹೃದಯವನ್ನು ನೋಡಬೇಕೋ ಎಂಬ ಚರ್ಚೆ ಅರಿವಳಿಕೆಯ ಶಾಸ್ತ್ರದಲ್ಲಿ ಹಳೆಯದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ನೆರೆಯ ನಿಜಾಮರ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ಕ್ಲೋರೊಫಾರ್ಮ್ ಆಯೋಗಗಳು ನಡೆದುವು. ಕ್ಲೋರೊಫಾರ್ಮಿನಿಂದ ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ ಎಂದು ಅವು ತೀರ್ಮಾನಿಸಿದುವು. ಹೃದಯವೂ ಒಮ್ಮೆಗೇ ತಾಳತಪ್ಪಬಲ್ಲುದೆಂದು 1911ರಲ್ಲಿ ಇಂಗ್ಲೆಂಡಿನ ಲೆವಿ ತೋರಿಸಿದನು. ಇಂದಿನ ಪಾಠ ಸ್ಪಷ್ಟವಾಗಿದೆ: ಎರಡನ್ನೂ ನೋಡಬೇಕು.

ಚಿಕಿತ್ಸೆ

ಮೊದಲ ಕೆಲಸ ಮದ್ದು ಹಾಕುವುದನ್ನು ನಿಲ್ಲಿಸುವುದು. ಎರಡನೆಯದು ಸಹಾಯಕ್ಕೆ ಕೂಗುವುದು. ಮೂರನೆಯದು ಉಸಿರಿನ ದಾರಿಯನ್ನು ತೆರವಾಗಿಟ್ಟು ಆಮ್ಲಜನಕ ಕೊಡುವುದು. ಆಮ್ಲಜನಕಕ್ಕೆ ಇಷ್ಟು ಪ್ರಾಶಸ್ತ್ಯವೇಕೆ? ಸೆಳೆತದಲ್ಲಿ ಉಸಿರು ತಡೆದರೆ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ರಕ್ತ ಆಮ್ಲೀಯವಾಗುತ್ತದೆ. ಮೆದುಳಿಗೆ ಹರಿಯುವ ರಕ್ತ ಹೆಚ್ಚಿ ಮದ್ದನ್ನು ಇನ್ನಷ್ಟು ಒಯ್ಯುತ್ತದೆ. ಕೋಶದೊಳಗೂ ಆಮ್ಲತೆ ಏರುವುದರಿಂದ ಒಳಹೊಕ್ಕ ಅಣುಗಳು ಆವೇಶ ಧರಿಸಿ ಹೊರಬರಲಾರದೆ ಸೆರೆಯಾಗುತ್ತವೆ. ಉಸಿರಾಟವನ್ನು ಕಾಪಾಡುವುದೆಂದರೆ ಈ ವಿಷಚಕ್ರವನ್ನು ಮುರಿಯುವುದು. ಸೆಳೆತವನ್ನು ಮಿಡಜೊಲಾಮಿನಂಥ ಮದ್ದಿನಿಂದ ಅಡಗಿಸುತ್ತಾರೆ. ಹೃದಯ ನಿಂತರೆ ಎದೆಯನ್ನು ಒತ್ತುವ ಚಿಕಿತ್ಸೆಯನ್ನು ಬಹುಹೊತ್ತು, ಒಂದು ಗಂಟೆಗೂ ಮೀರಿ, ಬಿಡದೆ ನಡೆಸಬೇಕಾಗಬಹುದು. ಅಡ್ರಿನಲಿನ್ನನ್ನು ಇಲ್ಲಿ ಸಾಮಾನ್ಯಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ.

ಇನ್ನೊಂದು ಚಿಕಿತ್ಸೆ ಆಶ್ಚರ್ಯಕರವಾದುದು. ಅದು ಎಣ್ಣೆ! ಬಾಯಿಂದ ಉಣ್ಣಲಾರದ ರೋಗಿಗಳ ಪೋಷಣೆಗೆಂದು ಸೋಯಾ ಎಣ್ಣೆಯನ್ನು ಹಾಲಿನಂತೆ ನುಣ್ಣಗೆ ಬೆರೆಸಿ ರಕ್ತನಾಳಕ್ಕೆ ಕೊಡುವ ದ್ರವವನ್ನು ಸ್ವೀಡನ್ನಿನ ವ್ರೆಟ್ಲಿಂಡ್ 1960ರ ದಶಕದ ಆರಂಭದಲ್ಲಿ ಸಿದ್ಧಪಡಿಸಿದನು. ಅಮೆರಿಕದ ಗೈ ವೈನ್‌ಬರ್ಗ್ ಎಂಬ ವೈದ್ಯನು, ಇದು ಬುಪಿವಕೇನಿನ ವಿಷವನ್ನು ಹೆಚ್ಚಿಸೀತೆಂದು ಊಹಿಸಿ ಇಲಿಗಳ ಮೇಲೆ ಪ್ರಯೋಗ ಮಾಡಿದಾಗ, ಫಲ ತಲೆಕೆಳಗಾಯಿತು. ಎಣ್ಣೆ ಕೊಟ್ಟ ಇಲಿಗಳು ಹೆಚ್ಚು ವಿಷವನ್ನು ತಾಳಿಕೊಂಡುವು. ಇದು 1998ರಲ್ಲಿ ಪ್ರಕಟವಾಯಿತು. 2006ರಲ್ಲಿ ನ್ಯೂಯಾರ್ಕಿನಲ್ಲಿ, ಹೃದಯ ನಿಂತು ಬೇರೆ ಚಿಕಿತ್ಸೆಗೆ ಬಗ್ಗದಿದ್ದ ಒಬ್ಬ ಮನುಷ್ಯನು ಈ ದ್ರವದಿಂದ ಬದುಕಿದ ವರದಿ ಬಂದಿತು. ತನ್ನ ಊಹೆ ಸುಳ್ಳಾದಾಗ ಅದನ್ನು ಮುಚ್ಚಿಡದೆ ಬೆನ್ನಟ್ಟಿದುದರ ಫಲವಿದು.

ಇದರ ಮರ್ಮವನ್ನು ಅಡಿಗೆಮನೆಯಲ್ಲಿಯೇ ಕಾಣಬಹುದು. ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಹನಿಗಳು ಅರಿಸಿನ ಮೆಣಸಿನಕಾಯಿಗಳ ಬಣ್ಣವನ್ನು ತಮ್ಮಲ್ಲಿ ಸೆಳೆದುಕೊಂಡಿರುತ್ತವೆ. ಏಕೆಂದರೆ ಆ ಬಣ್ಣಗಳು ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತವೆ. ಬುಪಿವಕೇನೂ ಅಂತಹದೇ. ರಕ್ತದಲ್ಲಿನ ಎಣ್ಣೆಯ ಕಣಗಳು ಮೆದುಳು ಹೃದಯಗಳಿಂದ ಅದನ್ನು ಸೆಳೆದು ಸ್ನಾಯು, ಯಕೃತ್ತುಗಳಿಗೆ ಸಾಗಿಸುತ್ತವೆ; ಅಲ್ಲದೆ ಹೃದಯಕ್ಕೆ ನೇರವಾಗಿಯೂ ಚೈತನ್ಯ ಕೊಡುತ್ತವೆಂದು ತಿಳಿದುಬಂದಿದೆ. ಶೇಕಡಾ 20ರ ದ್ರವವನ್ನು ಮೊದಲು ಕಿಲೋಗ್ರಾಮಿಗೆ 1.5 ಮಿಲಿಲೀಟರಿನಂತೆ, ಅಂದರೆ 50 ಕಿಲೋಗ್ರಾಂ ತೂಕದವರಿಗೆ 75 ಮಿಲಿಲೀಟರನ್ನು, ಎರಡು ಮೂರು ನಿಮಿಷಗಳಲ್ಲಿ ಕೊಟ್ಟು, ಆಮೇಲೆ ನಿಮಿಷಕ್ಕೆ ಕಿಲೋಗ್ರಾಮಿಗೆ 0.25 ಮಿಲಿಲೀಟರಿನಂತೆ ಹರಿಯಬಿಡುತ್ತಾರೆ. ಇದು ವೈದ್ಯರ ಕೈಯ ಕೆಲಸ. ಆದರೆ ಮದ್ದು ಹಾಕುವ ಕೋಣೆಯಲ್ಲಿ ಈ ಸೀಸೆ ಇದೆಯೇ ಎಂದು ಕೇಳುವುದು ಯಾರಿಗೂ ನಿಷಿದ್ಧವಲ್ಲ.

ನಾವು ಮಾಡಬೇಕಾದುದು

2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯೊಡನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಐದು ತಾಲ್ಲೂಕುಗಳು ಅದರಲ್ಲಿ ಸೇರಿದುವು. ಗುಡೇಕೋಟೆಯ ಕಡೆ ಕರಡಿಯಿಂದ ಗಾಯಗೊಂಡವನಿಗೆ ಹೊಲಿಗೆ ಹಾಕಲು, ಹಲ್ಲು ಕೀಳಲು, ಕುರು ಕೊಯ್ಯಲು ಈ ಮದ್ದು ಬೇಕೇ ಬೇಕು. ಆದರೆ ಹೃದಯ ನಿಂತವನನ್ನು ನೋಡಿಕೊಳ್ಳುವ ದೊಡ್ಡ ಆಸ್ಪತ್ರೆಗಳು ದಾವಣಗೆರೆಯಲ್ಲಿ, ಬಳ್ಳಾರಿಯಲ್ಲಿ. ಹರಪನಹಳ್ಳಿಯಿಂದ ದಾವಣಗೆರೆಗೇ ಸುಮಾರು 50 ಕಿಲೋಮೀಟರು. ಸೆಳೆತಕ್ಕೂ ಹೃದಯಸ್ತಂಭನಕ್ಕೂ ನಡುವಣ ಅವಧಿ ಅಷ್ಟು ದೂರದ ದಾರಿಯನ್ನು ಕಾಯುವುದಿಲ್ಲ. ಆದಕಾರಣ ನಮ್ಮ ಕಡೆ ಮೊದಲ ಮೆಟ್ಟಿಲಿನಲ್ಲಿಯೇ ಗುರುತಿಸುವುದು ಇತರೆಡೆಗಿಂತ ಹೆಚ್ಚು ಅಗತ್ಯ.

ಸೂಜಿ ಹಾಕಿಸಿಕೊಳ್ಳುವ ಮೊದಲು ತೂಕವನ್ನೂ, ಹೃದಯ ಯಕೃತ್ತುಗಳ ಕಾಯಿಲೆಯಿದ್ದರೆ ಅದನ್ನೂ, ಅದೇ ದಿನ ಬೇರೆಡೆ ಇಂತಹ ಸೂಜಿ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿರಿ. ಹೆಚ್ಚು ಮದ್ದು ಹಾಕಿಸಿಕೊಂಡ ಮೇಲೆ ಕಡೆಯಪಕ್ಷ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ. ಮನೆಗೆ ಬಂದ ಮೇಲೆ ಸೆಳೆತ ಬಂದರೆ ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಸುತ್ತಲಿನ ವಸ್ತುಗಳನ್ನು ಸರಿಸಿ, 108ಕ್ಕೆ ಕರೆ ಮಾಡಿರಿ. ಕೈಗೆ ಬೀಗದಕೈ ಹಿಡಿಸುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಬಾಯಿಗೆ ನೀರು ಬಿಡುವುದು ಇವುಗಳಿಂದ ಪ್ರಯೋಜನವಿಲ್ಲ. ಕೊನೆಯದರಿಂದ ಉಸಿರು ಕಟ್ಟುವ ಅಪಾಯವೇ ಉಂಟು. ಉಸಿರೂ ಚಲನವಲನವೂ ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ ಬಲವಾಗಿ ಒತ್ತುತ್ತಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬಾಯಿ ಬಿಟ್ಟು ಹೇಳುವುದು. ಆ ರಾತ್ರಿ ಆಸ್ಪತ್ರೆಯ ಮಂಚದ ಮೇಲೆ ತಂದೆಯವರು ನನಗೆ ಹೇಳಿದ ಮಾತು ಇದು: "ಮೊದಲ ಗೊತ್ತಾಗಿತ್ತು ತಮ್ಮಾ. ಸೂಜಿ ಹಾಕಿದ್ದು ಬೆನ್ನಿಗೆ, ನಾಲಿಗಿ ಸುದ್ದಿ ಯಾಕ ಹೇಳ್ಬೇಕು, ಡಾಕ್ಟರಿಗೆ ಯಾಕ ತೊಂದರಿ ಅಂತ ಸುಮ್ನಿದ್ದೆ." ವೈದ್ಯರ ಮುಂದೆ ಮಾತಾಡಬಾರದೆಂಬ ಸಂಕೋಚ ನಮ್ಮ ಹಿರಿಯರಲ್ಲಿ ಬಲವಾಗಿದೆ. ಅವರು ಇನ್ನೆರಡು ನಿಮಿಷ ಸುಮ್ಮನಿದ್ದು, ವೈದ್ಯರು ಮೂರನೆಯ ಸಲ ಮದ್ದು ತುಂಬಿಕೊಂಡಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ. ರಕ್ತದಲ್ಲಿ ಮದ್ದು ಎಷ್ಟು ಏರಿತೆಂದು ಆ ಗಳಿಗೆಯಲ್ಲಿ ತಿಳಿಸುವ ಯಂತ್ರ ಆ ಕೋಣೆಯಲ್ಲಿ ಇರಲಿಲ್ಲ. ಅದನ್ನು ತಿಳಿಸಿದ್ದು ರೋಗಿಯ ನಾಲಿಗೆ. ಅದು ತೊದಲುವ ಮುನ್ನವೇ ಮಾತಾಡಬೇಕು. ಮಾತಾಡಿದಾಗ ಕೇಳುವ ಕಿವಿಯೂ ಪಕ್ಕದಲ್ಲಿರಬೇಕು.